ನೀರಿನ ಮಾದರಿ

ಹದಿನಾಲ್ಕು ವರ್ಷದಿಂದ ನನ್ನ ಕೆಲಸ ಇಷ್ಟ:
ಊರೂರ ನೀರು ಬಾಟ್ಲಿಯೊಳಗ ಬರತಾವ,
ನಾ ಬೆಳಕಿಗೆ ಹಿಡದು ನೋಡತೀನಿ.
ಮುಚಖಂಡಿ ಕೆರಿ. ಶಿರೂರ ಬೋರು. ಬೇವೂರ ಸಾಲಿ ನಳ.
ಉಪ್ಪು ಎಷ್ಟು, ಫ್ಲೋರೈಡು ಎಷ್ಟು,
ಕುಡಿಯಾಕ ಯೋಗ್ಯ, ಕುಡಿಯಾಕ ಯೋಗ್ಯ ಅಲ್ಲ.
ಎರಡ ಶಿಕ್ಕಾ ಅದಾವ ನನ್ನ ಡ್ರಾದಾಗ,
ಒಂದು ನೀಲಿ, ಒಂದು ಕೆಂಪು.

ಅವತ್ತ ನನ್ನ ನೀರು ತಗದ್ರು.

ನವನಗರದ ದವಾಖಾನಿ, ಎರಡನೇ ಮಜಲಿ.
ಗ್ವಾಡಿ ಮ್ಯಾಲ ಬೋರ್ಡು:
ಗಂಡೋ ಹೆಣ್ಣೋ ಇಲ್ಲಿ ಹೇಳಂಗಿಲ್ಲ, ಕೇಳಂಗಿಲ್ಲ.
ಅದರ ಬುಡಕ್ಕ ಕುಂತು ನಮ್ಮತ್ತಿ ಅದನ್ನ ಕೇಳಿದಳು.
ನರ್ಸು ನಕ್ಕು ನನಗ ಫಾರ್ಮು ಕೊಟ್ಟಳು,
ಅದು ನನಗ ತಿಳಿಯೂದು ಬ್ಯಾಡ ಅಂತ
ನಾನ ಬರಕೊಡಬೇಕಂತ.
ಬರಕೊಟ್ಟೆ. ಸರಕಾರಿ ನೌಕರಿಯಾಕಿ,
ಸಹಿ ಮಾಡೂದು ಕೈಗೆ ರೂಢಿ.

ಜೆಲ್ಲಿ ತಣ್ಣಗಿತ್ತು. ಪರದೆಯೊಳಗ ಕರೀ ಕೆರಿ,
ಕೆರಿಯೊಳಗೊಂದು ಮೀನು, ಮೀನಿಗೊಂದು ಮುಷ್ಟಿ.
"ಉಸರು ಬಿಡವ್ವಾ, ಬಿಗಿ ಹಿಡೀಬ್ಯಾಡ."
ಸೂಜಿ ಇಳದು ಬಂದದ್ದಕ್ಕ
ಅದು ಒಂಚೂರು ಸರದು ಕುಂತಿತು,
ಬಸ್ಸಿನ್ಯಾಗ ಗುರುತಿಲ್ಲದವರಿಗೆ ಜಾಗಾ ಬಿಟ್ಟಂಗ.

ಇಪ್ಪತ್ತು ಎಂ.ಎಲ್.
ಬಣ್ಣ: ತಿಳಿ ಅರಿಷಿಣ. ವಾಸನಿ: ಇಲ್ಲ.
ಗಡಸುತನ:
ಆ ಖಾನಿ ಖಾಲಿ ಬಿಟ್ಟೆ, ಮನಸಿನ್ಯಾಗ.
ಲೇಬಲ್ ಸೊಟ್ಟ ಹಚ್ಚಿದ್ರು.
ಎದ್ದು ನೆಟ್ಟಗ ಮಾಡಾಕ ಹೋದ್ರ, ಏಳಬ್ಯಾಡ ಅಂದ್ರು.
ದಾನೇಶ್ವರಿ, ಮೂವತ್ತೆಂಟು, ಹದಿನೇಳನೇ ವಾರ,
ಥರ್ಮಾಕೋಲ್ ಡಬ್ಬಿಯಾಗ ಕುಂತು
ರಾತ್ರಿ ಬಸ್ಸಿಗೆ ಪುಣೆಕ್ಕ ಹೋದಳು.

ಮೂರು ವಾರ ಅಂತ.
ನಾ ಮಂದಿಗೆ ಮೂರು ದಿನ ಅಂದ್ರನ ಜಗಳ ತಗೀತಾರ.

"ನಮಗೇನು ದೊಡ್ಡದಲ್ಲ ಬಿಡು" ಅಂದಳು ಅವ್ವ.
ಮುಳುಗಡಿ ಮಂದಿ ನಾವು.
ನೀರು ಇಲ್ಲೀತನ ಬರತೈತಿ ಅಂತ
ಸರ್ವೆದವರು ಗ್ವಾಡಿಗೆ ಕೆಂಪು ಗೆರಿ ಎಳದು ಹೋದಮ್ಯಾಲೂ
ಎಷ್ಟೋ ವರ್ಷ ಅದ ಬಾಗಲಕ್ಕ ರಂಗೋಲಿ ಹಾಕೀವಿ.
ಅಪ್ಪ ಗೆರಿ ಮ್ಯಾಲಷ್ಟ ಸುಣ್ಣಾ ಹಚ್ಚತಿದ್ದ,
ಕೆಳಗಿಂದು ಹೊಳಿದು ಅಂತ ಬಿಡತಿದ್ದ.

ಮಾಗುಂಡ ಹುಟ್ಟಿದ್ದು ಆ ಮನ್ಯಾಗ. ನನ್ನ ತಮ್ಮ.
ಕಣ್ಣು ಒಂಚೂರು ಓರೆ, ನಾಲಿಗಿ ದಪ್ಪ,
ಅಂಗೈಗೆ ಅಡ್ಡ ಒಂದ ಗೆರಿ.
ಅವನ ನೀರು ಯಾರೂ ತಗದು ನೋಡಿರಲಿಲ್ಲ.
ಮನಿ ಮಂದಿ ಎಣಿಸಾಕ ಬಂದಾಗ
ಒಮ್ಮೆ ಪಡಸಾಲ್ಯಾಗ, ಒಮ್ಮೆ ಅಡಗಿಮನ್ಯಾಗ ಕೈ ಎತ್ತಿದ್ದ.
ಪಟ್ಟಿಯೊಳಗ ಒಂದು ಮಾಗುಂಡ ಜಾಸ್ತಿ ಬಂದು
ಕಡಿಮಿ ಮಾಡಸಾಕ ಅಪ್ಪ ಆರು ತಿಂಗಳ ಅಡ್ಡಾಡಿದ.

ಈಗ ಮೂವತ್ತೊಂದು ಅವಗ.
ಬಸ್‌ಸ್ಟ್ಯಾಂಡ್ ಹಿಂದಿನ ಚಹಾದಂಗಡ್ಯಾಗ ಕಪ್ಪು ತೊಳೀತಾನ,
ಒಂದೂ ಒಡದಿಲ್ಲ. ಬಾಟ್ಲಿ ಒಡದಾಕಿ ನಾ.
ಸಂಜಿಕ ಬಂದು ನನ್ನ ಹೊಟ್ಟಿಗೆ ಕಿವಿ ಹಚ್ಚಿ
"ಅಕ್ಕಾ, ಒಳಗ ನೀರು ಎಷ್ಟೈತಿ?"
ಕುಂದರೂವಷ್ಟು ಐತೋ, ಮಾಗುಂಡ.
"ಗೆರಿತನ ಬಂತೇನು?"

ಮೊನ್ನೆ ಅವ್ವ ಹಿಟ್ಟು ನಾದಕೋತ,
ನನ್ನ ಕಡೆ ನೋಡದನ:
"ಆವಾಗ ಈ ಸೂಜಿ ಇದ್ದಿದ್ರ?"
ನಾ ಏನೂ ಅನ್ನಲಿಲ್ಲ.
ಅಕಿನೂ ಮುಂದ ಕೇಳಲಿಲ್ಲ, ರೊಟ್ಟಿ ಬಡದಳು,
ಹಂಚಿನ ಮ್ಯಾಲ ಹಾಕಿ ನೀರು ಸವರಿದಳು.
ಚುಂಯ್ ಅಂತು.

ಬ್ಯಾಡ ಅನ್ನಾಕ ನನಗ ಧೈರ್ಯ ಇಲ್ಲ,
ಏನ ಬರಲಿ ಅನ್ನಾಕೂ ಇಲ್ಲ.
ನೋಡಿ ತಿಳಕೊಳ್ಳೂದು ತಪ್ಪಲ್ಲ ಅಂತ ನಂಬಿದಾಕಿ,
ಅದರ ಪಗಾರದಾಗ ಉಂಡಾಕಿ.
ಆದ್ರ ಕೆಂಪು ಶಿಕ್ಕಾ ಹೊಡದಮ್ಯಾಲ
ಆ ಊರಾನ ಮಂದಿ ಮರದಿನ ಏನ ಕುಡದ್ರು?
ಹದಿನಾಲ್ಕು ವರ್ಷದಾಗ ಒಮ್ಮೆರ
ಫೋನ್ ಹಚ್ಚಿ ಕೇಳಲಿಲ್ಲಲ್ಲ ನಾ.

ಇವತ್ತ ಮಧ್ಯಾಹ್ನ ಟೇಬಲ್ ಮ್ಯಾಲ ಫೋನು ನಡಗಾಕತ್ತೈತಿ,
ಪುಣೆ ನಂಬರು.
ನನ್ನ ಕೈಯಾಗ ಬೇವೂರ ಸಾಲಿ ಬಾಟ್ಲಿ,
ಮಣ್ಣು ಇನ್ನೂ ತಳಾ ಕಂಡಿಲ್ಲ.

ಎತ್ತತೀನಿ.
ಇದೊಂದು ತಿಳಿಯಾಗಲಿ, ತಡಿ.